ಸ್ವಾತಂತ್ರ್ಯದ ಇತಿಹಾಸಕಾರ ಲಾರ್ಡ್ ಆಕ್ಟನ್

ಗ್ರಂಥಗಳನ್ನು ರಚಿಸಿ ಕೀರ್ತಿಶಾಲಿಗಳಾದ ವಿದ್ವಾಂಸರು ಅನೇಕರುಂಟು. ಸಂಕಲ್ಪಿಸಿದ ಮಹಾಗ್ರಂಥವನ್ನು ಬರೆಯದೆಯೇ ಲೋಕಮಾನ್ಯರಾದವರು ವಿರಳ. ಪಾಶ್ಚಾತ್ಯ ದೇಶಗಳಲ್ಲಿ ಸ್ವಾತಂತ್ರ್ಯವೆಂಬ ಭಾವನೆ ಹೇಗೆ ಹುಟ್ಟಿ ಹೇಗೆ ಬೆಳೆಯಿತೆಂಬುದರ ಶೋಧನೆಯಲ್ಲಿಯೇ ಆಯುಷ್ಯವನ್ನು ಸವೆಸಿದ ಲಾರ್ಡ್ ಆಕ್ಟನ್ನರು ಅಂಥವರಲ್ಲೊಬ್ಬರು.

ಆಕ್ಟನ್ನರು 1834ನೆಯ ಇಸವಿ ಜನವರಿ 10ರಂದು ಇಟಲಿಯ ನೇಪಲ್ಸ್ ನಗರದಲ್ಲಿ ಜನಿಸಿದರು. ತಂದೆಯದು ಆಂಗ್ಲ ವಂಶ, ತಾಯಿಯದು ಜರ್ಮನ್ ಸರದಾರರ ಮನೆತನ. ಮೂರು ವರ್ಷದ ಶಿಶುವಾಗಿರುವಾಗಲೇ ಪಿತೃವಿಯೋಗವಾಯಿತು. ಅವರು ರೋಮನ್ ಕ್ಯಾಥೊಲಿಕರು. ಪ್ರಾಟೆಸ್ಟಂಟರು ಪ್ರಬಲರಾಗಿದ್ದ ಇಂಗ್ಲೆಂಡಿನಲ್ಲಿ ಅಲ್ಪಸಂಖ್ಯಾತರು. ಈ ಕಾರಣದಿಂದ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಬಾಗಿಲು ಅವರಿಗೆ ತೆರೆಯಲಿಲ್ಲ. 1850ರಲ್ಲಿ ಮ್ಯೂನಿಕ್ ನಗರಕ್ಕೆ ತೆರಳಿ, ಡಾಲಿಂಜರ್ ಎಂಬ ಮಹಾಪಂಡಿತರ ಮನೆಯಲ್ಲಿಯೇ ನಿಂತು ವಿದ್ಯಾರ್ಜನೆ ಮಾಡಿದರು. ನಮ್ಮ ಪ್ರಾಚೀನರ ಗುರುಕುಲವಾಸದಂತಹ ಆ ವ್ಯಾಸಂಗದಲ್ಲಿ, ಮೂಲ ದಾಖಲೆಗಳನ್ನು ಪರಿಶೀಲಿಸದೆ ಇತಿಹಾಸವನ್ನು ಹೇಳಲಾಗದೆಂಬ ದೀಕ್ಷೆ ಅವರಿಗೆ ದೊರೆಯಿತು.

1859ರಲ್ಲಿ ಪಾರ್ಲಿಮೆಂಟಿನ ಸದಸ್ಯರಾದರೂ ಅವರ ಮನಸ್ಸು ವಿಚಾರಲೋಕದಲ್ಲಿಯೇ ನೆಲೆಸಿತ್ತು. ಪತ್ರಿಕೆಗಳನ್ನು ಸಂಪಾದಿಸಿದರು. 1862ರಲ್ಲಿ ರಾಷ್ಟ್ರೀಯತೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಒಂದು ಜನಾಂಗಕ್ಕೆ ಒಂದೇ ರಾಜ್ಯವೆಂಬ ವಾದವನ್ನು ಅಲ್ಲಗಳೆದು, ಹಲವು ಜನಾಂಗಗಳು ಒಂದೇ ಆಡಳಿತದಡಿ ಕೂಡಿ ಬಾಳುವುದೇ ನಾಗರಿಕತೆಯ ಲಕ್ಷಣವೆಂದು ಪ್ರತಿಪಾದಿಸಿದರು. 1877ರ ಉಪನ್ಯಾಸದಲ್ಲಿ, ದೇಶವೊಂದು ನಿಜವಾಗಿ ಸ್ವತಂತ್ರವೇ ಎಂಬುದನ್ನು ಅಲ್ಲಿಯ ಅಲ್ಪಸಂಖ್ಯಾತರ ಸುರಕ್ಷಿತತೆಯಿಂದಲೇ ಅಳೆಯಬೇಕೆಂದರು.

ಈ ತತ್ತ್ವವನ್ನು ಸ್ವಪಕ್ಷದವರ ಮುಂದೆಯೂ ಅವರು ಬಿಟ್ಟುಕೊಡಲಿಲ್ಲ. 1870ರಲ್ಲಿ ವ್ಯಾಟಿಕನ್ ಮಹಾಸಭೆಯು ಪೋಪರು ಧರ್ಮಬೋಧೆಯಲ್ಲಿ ತಪ್ಪಲಾರರೆಂಬ ಸಿದ್ಧಾಂತವನ್ನು ಅಂಗೀಕರಿಸುವ ಮುನ್ನ, ಅದನ್ನು ವಿರೋಧಿಸುವ ಬಿಷಪ್ಪರನ್ನು ರೋಮಿನಲ್ಲಿಯೇ ನಿಂತು ಹುರಿದುಂಬಿಸಿದರು. ಮರುವರ್ಷ ಗುರು ಡಾಲಿಂಜರರಿಗೆ ಬಹಿಷ್ಕಾರವಾಯಿತು. ಶಿಷ್ಯರು ಮಾತ್ರ ಕೊನೆಯುಸಿರಿನವರೆಗೂ ತಮ್ಮ ಧರ್ಮಸಭೆಯಲ್ಲಿಯೇ ಉಳಿದರು. ಪೋಪರಾಗಲಿ ದೊರೆಗಳಾಗಲಿ, ಸಾಮಾನ್ಯನನ್ನು ಅಳೆಯುವ ಕೋಲಿನಿಂದಲೇ ಅವರನ್ನೂ ಅಳೆಯಬೇಕೆಂಬುದು ಅವರ ನಿಲುವು. ಆ ಕೋಲನ್ನು ಅವರಿಗೇ ಹಿಡಿದರೆ ಒಂದು ಕುಂದು ಕಾಣುವುದನ್ನು ಮರೆಮಾಚಲಾಗದು: ಅಮೆರಿಕದ ಅಂತರ್ಯುದ್ಧದಲ್ಲಿ ಅವರ ಸಹಾನುಭೂತಿ ಗುಲಾಮಗಿರಿಯನ್ನು ಉಳಿಸಿಕೊಳ್ಳಹೊರಟ ದಕ್ಷಿಣದ ರಾಜ್ಯಗಳ ಕಡೆಗಿತ್ತು.

ಸ್ವಾತಂತ್ರ್ಯದ ಇತಿಹಾಸವನ್ನು ಬರೆಯಬೇಕೆಂದು ಅವರು ಸುಮಾರು 60,000 ಗ್ರಂಥಗಳನ್ನು ಸಂಗ್ರಹಿಸಿದ್ದರು; ಟಿಪ್ಪಣಿಗಳ ರಾಶಿಯೇ ಬೆಳೆದಿತ್ತು. ಓದುವುದು ಇನ್ನೂ ಇದೆಯೆಂಬ ಪರಿಪೂರ್ಣತೆಯ ಹಂಬಲವೇ ಬರವಣಿಗೆಗೆ ಅಡ್ಡಿಯಾಯಿತು. ಹಣದ ಮುಗ್ಗಟ್ಟು ಬಂದಾಗ, 1890ರಲ್ಲಿ, ದಾನಶೀಲ ಕಾರ್ನೆಗಿಯವರು ಆ ಭಂಡಾರವನ್ನು ಕೊಂಡು, ಜೀವಿತಾವಧಿಯವರೆಗೆ ಆಕ್ಟನ್ನರ ಉಪಯೋಗಕ್ಕೇ ಬಿಟ್ಟುಕೊಟ್ಟರು.

1895ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಇತಿಹಾಸ ಪ್ರಾಧ್ಯಾಪಕ ಪೀಠ ಅವರಿಗೆ ಲಭಿಸಿತು. ವಿದ್ಯಾರ್ಥಿಯಾಗಿ ಬಂದಾಗ ಹೊರಗಿಟ್ಟ ಸ್ಥಳವೇ ಆಚಾರ್ಯರಾಗಿ ಬರಮಾಡಿಕೊಂಡಿತು! ಅನೇಕ ವಿದ್ವಾಂಸರು ಕೂಡಿ ಬರೆಯಬೇಕಾದ ಆಧುನಿಕ ಇತಿಹಾಸದ ಸಂಪುಟಮಾಲೆಯ ಯೋಜನೆಯನ್ನು ಅಲ್ಲಿ ಅವರು ರೂಪಿಸಿದರು. ಆದರೆ 1902ರ ಜೂನ್ 19ರಂದು ಬವೇರಿಯದ ಟೆಗರ್ನ್‌ಸೇ ಎಂಬಲ್ಲಿ ದಿವಂಗತರಾದರು. ಅವರ ಪುಸ್ತಕಗಳೂ ಅನಂತರ ಕೇಂಬ್ರಿಜಿಗೇ ಸಂದುವು. ಉಪನ್ಯಾಸಗಳನ್ನೂ ಪ್ರಬಂಧಗಳನ್ನೂ ಶಿಷ್ಯರು ಸಂಪುಟಗಳಾಗಿ ಪ್ರಕಟಿಸಿದರು.

ಮಹಾಗ್ರಂಥ ಬರೆಯದೆ ಉಳಿಯಿತು. ಅದಕ್ಕಾಗಿ ಅವರು ಕೆತ್ತಿದ ಅಳತೆಗೋಲು ಉಳಿದುಕೊಂಡಿತು. ಬಹುಸಂಖ್ಯಾತರ ನಡುವೆ ತಮ್ಮ ಮನೆಮಾತನ್ನು ಕಾಪಾಡಿಕೊಂಡು ಬಾಳುವ ನಮ್ಮಂಥವರಿಗೆ ಅದರ ಬೆಲೆಯನ್ನು ಬೇರೆಯವರು ತಿಳಿಸಬೇಕಾಗಿಲ್ಲ. ಆದರೆ ನಾವೇ ಹೆಚ್ಚಿನವರಾಗಿರುವ ಊರಿನಲ್ಲಿ, ನಮ್ಮ ಮಧ್ಯೆ ಕಡಿಮೆಯಾಗಿರುವವರನ್ನು ಕಾಣುವಾಗಲೂ ಅದೇ ಕೋಲು ನಮ್ಮ ಕೈಯಲ್ಲಿರಬೇಕು.