ಉಳಿತಾಯಕ್ಕೆ ನೆಲೆ ಕಟ್ಟಿದ ಸುಬ್ಬರಾವ್ ಪೈ

ಅರ್ಥಚಿಂತಕರೆಂದೊಡನೆ ಆಡಂ ಸ್ಮಿತ್ ಮೊದಲಾದವರು ನಮ್ಮ ಸ್ಮರಣೆಗೆ ಬರುತ್ತಾರೆ. ಆ ಸಾಲಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರನ್ನು ಯಾರೂ ಎಣಿಸುವುದಿಲ್ಲ. ಅವರ ಕೀರ್ತಿ ಗ್ರಂಥಗಳಿಂದ ಬಂದುದಲ್ಲ, ನಿಜ. ಆದರೆ ಹಣವು ಯಾರಿಗಾಗಿ ಎಂಬ ಪ್ರಶ್ನೆಗೆ ಅವರು ಕಟ್ಟಿದ ಸಂಸ್ಥೆಗಳೇ ಉತ್ತರ ಹೇಳುತ್ತವೆ.

1852ರಲ್ಲಿ ಮೂಲ್ಕಿಯಲ್ಲಿ ಜನಿಸಿದ ಪೈಯವರು ಮದ್ರಾಸಿನಲ್ಲಿ ಕಾನೂನು ವ್ಯಾಸಂಗ ಮುಗಿಸಿ, 1876ರಲ್ಲಿ ಮಂಗಳೂರಿಗೆ ಬಂದು ವಕೀಲಿ ವೃತ್ತಿಗಿಳಿದರು. ಕಕ್ಷಿದಾರರನ್ನು ನ್ಯಾಯಾಲಯಕ್ಕೆ ಕಳುಹಿಸುವ ಬದಲು ರಾಜಿಗೆ ಒಪ್ಪಿಸುವ ವಕೀಲರೆಂದೇ ಅವರು ಹೆಸರಾದರು. ಇದು ಶುಲ್ಕ ತರುವ ಮಾರ್ಗವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

1891ರಲ್ಲಿ ಅವರು ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಮೂರು ವರ್ಷಗಳ ತರುವಾಯ ಹೆಣ್ಣುಮಕ್ಕಳಿಗೂ ಶಾಲೆ ತೆರೆದರು. ಅದೇ 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ತಮ್ಮ ವಿಶ್ವಪತ್ರದಲ್ಲಿ, ದುಡಿಯುವವನ ಕೂಲಿ ಅವನ ಸಂಸಾರವನ್ನು ಸಲಹಿ ಒಂದಿಷ್ಟು ಉಳಿಯುವಂತಿರಬೇಕೆಂದು ಬೋಧಿಸಿದ್ದರು. ಆದರೆ ಉಳಿದುದನ್ನು ಎಲ್ಲಿಡಬೇಕು? ಅಂದಿನ ದಕ್ಷಿಣ ಕನ್ನಡದಲ್ಲಿ ಬಡವನಿಗೆ ಈ ಪ್ರಶ್ನೆ ಸುಲಭದ್ದಾಗಿರಲಿಲ್ಲ. ದೊಡ್ಡ ಬ್ಯಾಂಕುಗಳು ದೊಡ್ಡ ವರ್ತಕರ ಸೇವೆಯಲ್ಲಿದ್ದವು. ಸಾಮಾನ್ಯನಿಗೆ ಒದಗುತ್ತಿದ್ದವನು ಲೇವಾದೇವಿಗಾರ. ಚೀಟಿ ಕಟ್ಟಿದರೆ ಸುತ್ತು ಮುಗಿದೊಡನೆ ಚೀಟಿಯೂ ಮುಗಿಯುತ್ತಿತ್ತು.

1906ರ ಜುಲೈ 1ರಂದು ಪೈಯವರು ಆರಂಭಿಸಿದ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಎಂಬ ಹೆಸರಿನಲ್ಲಿ ‘ಪರ್ಮನೆಂಟ್’ ಎಂಬ ಪದಕ್ಕೆ ಇದೇ ಅರ್ಥ. ಸುತ್ತು ಮುಗಿದರೂ ಮುಚ್ಚದ ನಿಧಿ ಅದು. ಬಂಡವಾಳ 50,000 ರೂಪಾಯಿ. ಅದನ್ನು ತಲಾ 25 ರೂಪಾಯಿಯ 2,000 ಪಾಲುಗಳಾಗಿ ವಿಂಗಡಿಸಲಾಗಿತ್ತು. ಅಜ್ಞಾನ ಮತ್ತು ಮೂಢನಂಬಿಕೆಗಳನ್ನು ನೀಗಿಸುವುದು, ಮಿತವ್ಯಯವನ್ನು ರೂಢಿಸುವುದು, ಕಷ್ಟದಲ್ಲಿರುವವರಿಗೆ ನೆರವಾಗುವುದು ಸಂಸ್ಥೆಯ ಧ್ಯೇಯಗಳಲ್ಲಿ ಸೇರಿದ್ದವು. ಬ್ಯಾಂಕೊಂದು ಮೂಢನಂಬಿಕೆಯ ವಿಚಾರ ಎತ್ತುವುದು ವಿಚಿತ್ರವೆನಿಸಬಹುದು. ಶಾಲೆಯನ್ನು ಮೊದಲು, ಬ್ಯಾಂಕನ್ನು ಆಮೇಲೆ ಕಟ್ಟಿದವರಿಗೆ ಅದು ವಿಚಿತ್ರವಾಗಿರಲಿಲ್ಲ.

ಹಣವು ಬಂಜೆ, ಅದು ಮರಿಹಾಕಬಾರದು ಎಂಬ ವಾದ ಅರಿಸ್ಟಾಟಲನಷ್ಟು ಹಳೆಯದು. ಸಂತ ತೋಮಸ್ ಅಕ್ವಿನಾಸರೂ ಬಡ್ಡಿಯನ್ನು ಖಂಡಿಸಿದವರೇ. ಅವರ ಕಣ್ಣ ಮುಂದಿದ್ದುದು ನೆರೆಯವನ ಸಂಕಟದಿಂದ ಲಾಭ ಪಡೆಯುವ ಸಾಲಿಗ. ಪೈಯವರ ನಿಧಿಯಲ್ಲಾದರೋ ಸಣ್ಣ ಉಳಿತಾಯದವನೇ ಸಾಲ ಕೊಡುವವನ ಸ್ಥಾನಕ್ಕೆ ಏರುತ್ತಾನೆ. ಬಡ್ಡಿಯಲ್ಲಿ ಅವನಿಗೂ ಪಾಲು ಸಲ್ಲುತ್ತದೆ. ಈ ಭೇದವನ್ನು ನಮ್ಮ ತತ್ತ್ವಶಾಸ್ತ್ರದ ತರಗತಿಗಳಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ.

ನಿಧಿ ಆರಂಭವಾಗಿ ನಾಲ್ಕು ತಿಂಗಳು ತುಂಬುವ ಮುನ್ನವೇ, ಅಕ್ಟೋಬರದಲ್ಲಿ, ಮದ್ರಾಸಿನ ಪ್ರತಿಷ್ಠಿತ ಆರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ಸಹಸ್ರಾರು ಠೇವಣಿದಾರರು ಉಳಿಸಿದ್ದನ್ನೆಲ್ಲ ಕಳೆದುಕೊಂಡರು. ಹಣ ಇಡಲು ಜನ ಅಂಜುತ್ತಿದ್ದ ಅಂಥ ಹೊತ್ತಿನಲ್ಲಿ ಮಂಗಳೂರಿನ ಎಳೆಯ ಸಂಸ್ಥೆ ಉಳಿದುಕೊಂಡಿತು. ಅತ್ತ ಉಡುಪಿಯಲ್ಲಿ ಅದೇ ವರ್ಷದ ಮಾರ್ಚಿನಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೇವಲ 5,000 ರೂಪಾಯಿ ಬಂಡವಾಳದಿಂದ ಮತ್ತೊಂದು ಬ್ಯಾಂಕನ್ನು, ಮುಂದಿನ ಕಾರ್ಪೊರೇಷನ್ ಬ್ಯಾಂಕನ್ನು, ಆರಂಭಿಸಿದ್ದರು. ಜಿಲ್ಲೆಯ ಬ್ಯಾಂಕಿಂಗ್ ಚರಿತ್ರೆಯನ್ನು ಒಂದೇ ಸಮುದಾಯದ ಕಥೆಯಾಗಿ ಹೇಳುವವರು ಈ ವರ್ಷವನ್ನು ಗಮನಿಸಬೇಕು.

1909ರ ಜುಲೈಯಲ್ಲಿ, ಐವತ್ತಾರರ ಪ್ರಾಯದಲ್ಲಿ, ಪೈಯವರು ತೀರಿಕೊಂಡರು. ಮರುವರ್ಷ ನಿಧಿಯು ‘ಕೆನರಾ ಬ್ಯಾಂಕ್ ಲಿಮಿಟೆಡ್’ ಆಯಿತು. ಹೆಸರಿನೊಳಗಿದ್ದ ‘ಹಿಂದೂ’ ಎಂಬ ಪದ ಬಿಟ್ಟುಹೋಯಿತು. 1969ರಲ್ಲಿ ಬ್ಯಾಂಕು ರಾಷ್ಟ್ರೀಕೃತವಾಯಿತು. 2020ರ ಏಪ್ರಿಲ್ 1ರಂದು ಉಡುಪಿಯಲ್ಲಿ ಜನ್ಮತಾಳಿದ್ದ ಸಿಂಡಿಕೇಟ್ ಬ್ಯಾಂಕು ಅದರಲ್ಲಿ ವಿಲೀನಗೊಂಡಿತು. ಪೈಯವರ ಶಾಲೆಯಂತೂ ನಮ್ಮ ಡೊಂಗರಕೇರಿಯಲ್ಲಿ ಇಂದಿಗೂ ನಡೆಯುತ್ತಿದೆ.