ಕೈಯನ್ನೇ ಮೀಟರ್ ಮಾಡಿಕೊಂಡ ಡಾಕ್ಟರ್: ಎಡ್ಮಂಡ್ ಕೆಲ್ಸ್

ಹಲ್ಲು ನೋವು ಅಂತ ಡಾಕ್ಟರ ಹತ್ತಿರ ಹೋದರೆ ಒಂದು ಎಕ್ಸ್‌ರೇ ತೆಗೀತಾರೆ. ಬಾಯೊಳಗೆ ಪುಟ್ಟ ಫಿಲ್ಮೋ ಸೆನ್ಸರೋ ಇಟ್ಟು, ಅಲ್ಲಾಡಬೇಡಿ ಅಂತ ಹೇಳಿ, ತಾವು ಮಾತ್ರ ದೂರ ಸರಿದು ಬಟನ್ ಒತ್ತುತ್ತಾರೆ. ಆ ನಾಲ್ಕು ಹೆಜ್ಜೆ ದೂರದ ಹಿಂದೆ ಒಬ್ಬ ಮನುಷ್ಯನ ಬೆರಳು, ಕೈ, ತೋಳು ಎಲ್ಲವೂ ಇದೆ. ಅವರೇ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಚಾರ್ಲ್ಸ್ ಎಡ್ಮಂಡ್ ಕೆಲ್ಸ್.

ಕೆಲ್ಸ್ ಹುಟ್ಟಿದ್ದು 1856ರಲ್ಲಿ. ತಂದೆಯೂ ಹಲ್ಲಿನ ಡಾಕ್ಟರೇ. 1878ರಲ್ಲಿ ನ್ಯೂಯಾರ್ಕಿನ ದಂತವೈದ್ಯ ಕಾಲೇಜಿನಲ್ಲಿ ಪದವಿ ಮುಗಿಸಿ ಊರಿಗೆ ಮರಳಿದರು. ಓದಿದ್ದು ಡಾಕ್ಟರಿಕೆಯಾದರೂ ತಲೆ ಮಾತ್ರ ಅಪ್ಪಟ ಎಂಜಿನಿಯರ್‌ದು. ಹಲ್ಲಿನ ಚಿಕಿತ್ಸೆಗೆ ವಿದ್ಯುತ್ ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಸುಮಾರು 30 ಪೇಟೆಂಟ್ ಅವರ ಹೆಸರಲ್ಲಿದ್ದವು. ಬಾಯಿಂದ ರಕ್ತ, ಎಂಜಲು ಹೀರಿ ತೆಗೆಯುವ ಸಕ್ಷನ್ ಪಂಪನ್ನೂ ರೂಪಿಸಿದರು; ಅದು ಆಮೇಲೆ ಆಪರೇಷನ್ ಥಿಯೇಟರಿಗೂ ಹೋಯಿತು. 1885ರಲ್ಲಿ ಅವರು ಕೆಲಸಕ್ಕೆ ಸೇರಿಸಿಕೊಂಡ ಮಾಲ್ವಿನಾ ಕ್ವೆರಿಯಾ ಅವರನ್ನು ಅಮೆರಿಕದ ಮೊದಲ ಮಹಿಳಾ ದಂತ ಸಹಾಯಕಿ ಅಂತ ಇವತ್ತಿಗೂ ನೆನೆಯುತ್ತಾರೆ.

1895ರ ಕೊನೆಗೆ ಜರ್ಮನಿಯಲ್ಲಿ ರಾಂಟ್ಜೆನ್ ಎಕ್ಸ್‌ ಕಿರಣದ ಸುದ್ದಿ ಹೊರಬಿಟ್ಟರು. ಕೆಲವೇ ವಾರದಲ್ಲಿ ಅಲ್ಲಿಯ ದಂತವೈದ್ಯ ವಾಲ್ಕಾಫ್ 25 ನಿಮಿಷ ಕಿರಣಕ್ಕೆ ಒಡ್ಡಿಕೊಂಡು ತಮ್ಮದೇ ಹಲ್ಲಿನ ಚಿತ್ರ ತೆಗೆದರು. ಕೆಲ್ಸ್ ಸುಮ್ಮನಿರುತ್ತಾರೆಯೇ? 1896ರಲ್ಲೇ ಯಂತ್ರ ಕೂಡಿಸಿಕೊಂಡು, ಆ ವರ್ಷದ ಬೇಸಿಗೆಯಲ್ಲಿ ಆಶ್‌ವಿಲ್ ಊರಿನಲ್ಲಿ ನಡೆದ ದಂತವೈದ್ಯರ ಸಭೆಯಲ್ಲಿ ಎಲ್ಲರೆದುರು ಮಾಡಿ ತೋರಿಸಿದರು. ಫಿಲ್ಮ್ ಅಲ್ಲಾಡದಂತೆ ಬಾಯೊಳಗೆ ನಿಲ್ಲಿಸುವ ಹಿಡಿಕೆಯನ್ನೂ ತಾವೇ ಮಾಡಿದರು. 1899ರಲ್ಲಿ ಹಲ್ಲಿನ ಬೇರಿನ ನಾಳಕ್ಕೆ ಸೀಸದ ತಂತಿ ತೂರಿಸಿ, ಎಕ್ಸ್‌ರೇ ತೆಗೆದು ಬೇರಿನ ಉದ್ದ ಅಳೆದರು. ಇವತ್ತು ರೂಟ್ ಕೆನಾಲ್ ಮಾಡುವವರೂ ಎಕ್ಸ್‌ರೇಯಲ್ಲಿ ಬೇರಿನ ಉದ್ದ ನೋಡುವುದು ಇದೇ ಯುಕ್ತಿಯಿಂದ.

ಇಲ್ಲಿವರೆಗೆ ಎಲ್ಲ ಸಂಭ್ರಮವೇ. ಆದರೆ ಆಗಿನ ಟ್ಯೂಬುಗಳು ನಂಬಿಕಸ್ಥವಲ್ಲ. ಒಳಗೆ ಉಳಿದ ಗಾಳಿಯ ಪ್ರಮಾಣ ಬದಲಾದಂತೆ ಕಿರಣದ ಕಸುವೂ ಬದಲಾಗುತ್ತಿತ್ತು. ಅಳೆಯೋಕೆ ಮೀಟರ್ ಇರಲಿಲ್ಲ. ಹಾಗಾಗಿ ಆಪರೇಟರ್ ತನ್ನ ಕೈಯನ್ನೇ ಟ್ಯೂಬಿನ ಮುಂದೆ ಹಿಡಿದು, ಹೊಳೆಯುವ ಪರದೆಯಲ್ಲಿ ಮೂಳೆಗಳು ಸ್ಪಷ್ಟವಾಗಿ ಕಾಣುವ ತನಕ ಟ್ಯೂಬನ್ನು ಸರಿಪಡಿಸುತ್ತಿದ್ದ. ಪ್ರತಿ ರೋಗಿಗೂ ಮುನ್ನ ಇದೇ ಕೆಲಸ. ನಮ್ಮ ಲ್ಯಾಬ್ ಭಾಷೆಯಲ್ಲಿ ಹೇಳೋದಾದರೆ, ಕ್ಯಾಲಿಬ್ರೇಷನ್. ಕೆಲ್ಸ್ ಕೂಡ ವರ್ಷಗಟ್ಟಲೆ ಹೀಗೇ ಮಾಡಿದರು. ರೋಗಿಗೆ ಸಿಕ್ಕಿದ್ದು ಒಂದೆರಡು ಸಲದ ಕಿರಣ. ಡಾಕ್ಟರ ಕೈಗೆ ಸಿಕ್ಕಿದ್ದು ಎಲ್ಲ ರೋಗಿಗಳ ಲೆಕ್ಕ.

ಎಚ್ಚರಿಸುವವರು ಇರಲಿಲ್ಲ ಅಂತಲ್ಲ. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ 1901ರಲ್ಲೇ ಗಿನಿಪಿಗ್‌ಗಳ ಮೇಲೆ ಪ್ರಯೋಗ ಮಾಡಿ, ಈ ಕಿರಣ ಜೀವ ತೆಗೆಯಬಲ್ಲದು ಎಂದು ತೋರಿಸಿದ್ದರು. ಟ್ಯೂಬಿನ ಸುತ್ತ ಸೀಸದ ಕವಚ ಇರಲಿ ಎಂದಿದ್ದರು. ಕಿವಿಗೆ ಹಾಕಿಕೊಂಡವರು ಕಡಿಮೆ. ನೋವು ತಕ್ಷಣ ಕಾಣಿಸದ ಅಪಾಯವನ್ನು ಯಾರು ತಾನೇ ಬೇಗ ನಂಬುತ್ತಾರೆ? 1913ರಲ್ಲಿ ಕೂಲಿಡ್ಜ್ ಹೊಸ ಬಗೆಯ ಟ್ಯೂಬ್ ಮಾಡಿದ ಮೇಲೆ ಕಿರಣದ ಕಸುವನ್ನು ಇಷ್ಟ ಬಂದಂತೆ ನಿಯಂತ್ರಿಸೋದು ಸಾಧ್ಯವಾಯಿತು, ಕೈ ಅಡ್ಡ ಹಿಡಿಯುವ ಅಗತ್ಯ ಹೋಯಿತು. ಕೆಲ್ಸ್ ಅವರ ಪಾಲಿಗೆ ಅದು ತಡವಾಗಿತ್ತು.

ಅವರ ಕೈಯಲ್ಲಿ ಕ್ಯಾನ್ಸರ್ ಶುರುವಾಯಿತು. ಮೊದಲು ಬೆರಳುಗಳು, ಆಮೇಲೆ ಕೈ, ಕೊನೆಗೆ ತೋಳು ಹೋಯಿತು. 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಆದವು. ಅಷ್ಟರ ನಡುವೆಯೂ ಬರೆಯೋದು ಬಿಡಲಿಲ್ಲ. ಸರಿಯಾಗಿ ಪರೀಕ್ಷಿಸದೆ ಜನರ ಹಲ್ಲುಗಳನ್ನು ಸಾಲುಸಾಲಾಗಿ ಕೀಳುವ ಅಂದಿನ ಚಾಳಿಯ ವಿರುದ್ಧ ಜಗಳವಾಡಿದರು. 1926ರಲ್ಲಿ ಆತ್ಮಕಥೆ ಹೊರತಂದರು. 1928ರ ಮೇ ತಿಂಗಳಲ್ಲಿ, ನೋವು ತಡೆಯಲಾರದ ಸ್ಥಿತಿಯಲ್ಲಿ, ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು.

ಕೆಲ್ಸ್ ಹತ್ತಿರ ಹಲ್ಲು ನೋಡೋಕೆ ಪದವಿ ಇತ್ತು. ಎಕ್ಸ್‌ರೇ ಯಂತ್ರ ನಡೆಸೋಕೆ ಪರವಾನಗಿ ಅನ್ನೋದು ಆಗ ಯಾರ ಹತ್ತಿರವೂ ಇರಲಿಲ್ಲ. ಅಮೆರಿಕ 1981ರಲ್ಲಿ ಕಾನೂನು ತಂದು, ಎಕ್ಸ್‌ರೇ ತೆಗೆಯುವವರಿಗೆ, ದಂತ ಸಹಾಯಕರೂ ಸೇರಿ, ತರಬೇತಿ ಮತ್ತು ಪ್ರಮಾಣಪತ್ರದ ಕನಿಷ್ಠ ಮಟ್ಟ ಏನಿರಬೇಕು ಅಂತ ಗೊತ್ತುಮಾಡಲು ಹೊರಟಿತು. ಅದನ್ನು ಜಾರಿಗೆ ತರೋದು ಬಿಡೋದು ರಾಜ್ಯಗಳ ಕೈಲಿ ಉಳಿಯಿತು. ಆದ್ದರಿಂದ ಒಂದು ರಾಜ್ಯದಲ್ಲಿ ಸಹಾಯಕಿ ಪರೀಕ್ಷೆ ಪಾಸಾಗಲೇಬೇಕು, ಇನ್ನೊಂದರಲ್ಲಿ ನಿಯಮ ಸಡಿಲ. ನಮ್ಮಲ್ಲಿ ದಂತ ಎಕ್ಸ್‌ರೇ ಯಂತ್ರಗಳ ಮೇಲೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಣ್ಣಿದೆ.

ಲೈಸೆನ್ಸು, ಪರೀಕ್ಷೆ, ಬ್ಯಾಡ್ಜು ಅಂದರೆ ನಮಗೆ ಬರೀ ಕಾಗದದ ಕಾಟ ಅನಿಸುತ್ತೆ. ಯಂತ್ರ ನಡೆಸೋದು ಕೆಲ್ಸ್ ಅವರಿಗಿಂತ ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ವಿರಳ. ಅದೊಂದೇ ಸಾಲಲಿಲ್ಲ. ಮುಂದಿನ ಸಲ ಹಲ್ಲಿನ ಡಾಕ್ಟರು ಬಟನ್ ಒತ್ತೋಕೆ ದೂರ ಸರಿದಾಗ, ಹೆದರಿ ಓಡಿದರು ಅಂತ ನಗಬೇಡಿ. ಕೆಲ್ಸ್ ತೆತ್ತ ಬೆಲೆಯಿಂದ ಕಲಿತ ಪಾಠ ಅದು.