ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ನಾಡು ಬಿಟ್ಟು ಬಂದು ಪುಣೆಯ ಬಿಬವೇವಾಡಿಯಲ್ಲಿ ಮನೆಮಾಡಿರುವ ನಮಗೆ ಗದಗವೆಂದೊಡನೆ, ಈ ನಗರದಲ್ಲಿಯೇ ಬಾಳಿದ ಭೀಮಸೇನ ಜೋಶಿಯವರ ನೆನಪಾಗುತ್ತದೆ. ಅದೇ ಗದಗವನ್ನು ಪುಣ್ಯಕ್ಷೇತ್ರವನ್ನಾಗಿ ಮಾಡಿದ ಇನ್ನೊಬ್ಬ ಮಹನೀಯರು ಪಂಚಾಕ್ಷರಿ ಗವಾಯಿಗಳು. ರಾಜ್ಯೋತ್ಸವದ ಈ ಶುಭದಿನದಲ್ಲಿ ಅವರನ್ನು ನೆನೆಯೋಣ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಅವರ ಜನನ. ಮೊದಲ ಹೆಸರು ಗದಿಗೆಯ್ಯ. ಹುಟ್ಟುಕುರುಡು, ಸೋದರ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಕುರುಡುತನವು ಹಿಂದಿನ ಜನ್ಮದ ಪಾಪದ ಫಲವೆಂದು ಜನ ನಂಬಿದ್ದ ಕಾಲವದು. ಅಂಥ ಮಕ್ಕಳಿಗೆ ಎರಡು ಹೊತ್ತು ಅನ್ನವಿಕ್ಕಿದರೆ ಕರ್ತವ್ಯ ತೀರಿತು. ಅವರಿಂದ ಯಾರೂ ಏನನ್ನೂ ನಿರೀಕ್ಷಿಸುತ್ತಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳಾದರೋ ಅವರ ಕಣ್ಣನ್ನು ನೋಡಲಿಲ್ಲ, ಕಂಠಕ್ಕೆ ಕಿವಿಗೊಟ್ಟರು. ಶಿವನಿತ್ತ ಆ ಸ್ವರ ಮಣ್ಣುಪಾಲಾಗಬಾರದೆಂದು ಸಂಗೀತಶಿಕ್ಷಣದ ಏರ್ಪಾಡು ಮಾಡಿದರು.

ಗದಿಗೆಯ್ಯನವರು ಕರ್ನಾಟಕ ಸಂಗೀತವನ್ನು ಅಭ್ಯಸಿಸಿ, ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಗಾಯನವನ್ನೂ ಕಲಿತು, ಎರಡರಲ್ಲಿಯೂ ಪ್ರವೀಣರಾದರು. ಬಂದ ಕೀರ್ತಿಯಲ್ಲಿ ಸುಖವಾಗಿ ಇದ್ದುಬಿಡಬಹುದಿತ್ತು. ಆದರೆ ತಮ್ಮಲ್ಲಿ ಗುರುಗಳು ಕಂಡದ್ದನ್ನು ಅವರು ಇತರರಲ್ಲಿ ಅರಸಹೊರಟರು. ಕುರುಡರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ಸುತ್ತಿದರು. ಮಕ್ಕಳ ಹೊಟ್ಟೆಗಾಗಿ ಜೋಳಿಗೆ ಹಿಡಿದರು, ನಾಟಕ ಮಂಡಳಿ ಕಟ್ಟಿದರು. ಈ ಸಂಚಾರಿ ಶಾಲೆಯೇ ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ಅಲ್ಲಿ ಅನ್ನದೊಡನೆ ವಿದ್ಯೆಯೂ ದೊರೆಯಿತು. ಬರೆದುಕೊಳ್ಳಲಾಗದವರಿಗೆ ಕಿವಿಯೇ ಪುಸ್ತಕ, ಸಾಧನೆಯೇ ಪರೀಕ್ಷೆ.

ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟಯ್ಯನೆಂಬ ಬಾಲಕ ಅವರ ಕೈಯಲ್ಲಿ ಪುಟ್ಟರಾಜ ಗವಾಯಿಗಳಾದರು. ಹಲವು ವಾದ್ಯಗಳನ್ನು ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಕೃತಿ ರಚಿಸಿದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಹೊತ್ತು, 2010ರಲ್ಲಿ ತಾವು ಕಣ್ಮುಚ್ಚುವವರೆಗೂ ಅದನ್ನು ನಡೆಸಿದರು. ಕಣ್ಣುಳ್ಳವರೂ ಪಂಚಾಕ್ಷರಿ ಗವಾಯಿಗಳ ಬಳಿ ಕಲಿತರು. ಮುಂದೆ ಪದ್ಮಭೂಷಣರಾದ ಬಸವರಾಜ ರಾಜಗುರು ಅವರಲ್ಲೊಬ್ಬರು.

ಈ ಚರಿತ್ರೆಯಿಂದ ನಾವು ಕಲಿಯುವುದೇನು? ಮರುಕ ಸುಲಭ, ಅನ್ನವಿಕ್ಕಿ ಕೈತೊಳೆದುಕೊಳ್ಳಬಹುದು. ಇವನಿಗೆ ದೇವರು ಏನು ಕೊಟ್ಟಿದ್ದಾನೆಂದು ಹುಡುಕಿ, ಅದು ಫಲಿಸುವವರೆಗೆ ಕಲಿಸುವುದು ಕಷ್ಟ. ನಮ್ಮ ಮನೆಗಳಲ್ಲಿ ಅಂಕ ಕಡಮೆ ಬಂದ ಮಗುವನ್ನು ದಡ್ಡನೆಂದು ಕರೆಯುತ್ತೇವೆ. ಕಟ್ಟಡದ ಕೂಲಿಗೆಂದು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳ ಮುಖವನ್ನೂ ನೋಡದೆ ಮುಂದೆ ನಡೆಯುತ್ತೇವೆ. ಅವರ ನಡುವೆ ಯಾವ ಗದಿಗೆಯ್ಯನಿರುವನೋ ಬಲ್ಲವರಾರು? ಕಿವಿಗೊಡುವ ಕೆಲಸ ನಮ್ಮದು.